ಸೊನ್ನೆ ಹುಡುಕಾಟ

"ನಿಮ್ಮ ವೆಬ್‌ಸೈಟಿಗೆ ನೂರಕ್ಕೆ ಹನ್ನೆರಡು ಅಂಕ," ಎನ್ನುತ್ತ ಏಜೆಂಟ್ ತನ್ನ ಲ್ಯಾಪ್‌ಟಾಪನ್ನು ಚರ್ಮ ಕತ್ತರಿಸುವ ಹಲಗೆಯ ಮೇಲಿಟ್ಟು ಅಣ್ಣ-ತಂಗಿಯ ಕಡೆ ತಿರುಗಿಸಿದ. "ಇದ್ದೂ ಇಲ್ಲದ ಲೆಕ್ಕ ಸರ್. ಯಾರಾದ್ರೂ ಶೂ ಅಂತ ಹುಡುಕಿದ್ರೆ ಮೂವತ್ತನೇ ಪುಟದಲ್ಲೂ ನೀವು ಬರಲ್ಲ. ನಮ್ಮ ಎಸ್‌ಇಒ ಟೂಲ್ ತಗೊಳ್ಳಿ, ಹುಡುಕಾಟದಲ್ಲಿ ಮೇಲೆ ತರುತ್ತೆ, ಆರೇ ತಿಂಗಳಲ್ಲಿ ಮೊದಲ ಪುಟ. ಇಡೀ ವರ್ಷಕ್ಕೆ ಒಂದೇ ಸಲ ದುಡ್ಡು ಕಟ್ಟಿದ್ರೆ ಸಾಕು."

ಅಣ್ಣ ಆಗಲೇ ಒಪ್ಪಂದದ ಕಾಗದ ಮುಂದಿಟ್ಟುಕೊಂಡು ಪೆನ್ನಿನ ಮುಚ್ಚಳ ತೆಗೆದಿದ್ದ. ಅವನ ಅವಸರಕ್ಕೂ ಕಾರಣವಿತ್ತು. ಒಂದು ಕಾಲು ಗಿಡ್ಡ ಇದ್ದವರಿಗೆ ಅಳತೆ ತೆಗೆದು ಶೂ ಹೊಲಿದುಕೊಡುವ ಅಂಗಡಿ ಅವರದು. ಎದುರಿನ ಮೂಳೆ ಆಸ್ಪತ್ರೆಯ ಡಾಕ್ಟರು ಚೀಟಿ ಬರೆದು ಕಳಿಸುತ್ತಿದ್ದಷ್ಟು ದಿನ ಇಬ್ಬರಿಗೂ ತಲೆ ಕೆರೆದುಕೊಳ್ಳಲು ಪುರುಸೊತ್ತಿರಲಿಲ್ಲ. ಆಸ್ಪತ್ರೆ ಊರಾಚೆಗೆ ಹೋದ ಮೇಲೆ ವಾರವಿಡೀ ಹೊಲಿಗೆ ಯಂತ್ರದ ಮೇಲಿನ ಬಟ್ಟೆ ತೆಗೆಯುವ ಪ್ರಸಂಗವೇ ಬರುತ್ತಿರಲಿಲ್ಲ.

"ಯಾವ ಮಾತಿಗೆ ಮೊದಲ ಪುಟ?" ತಂಗಿ ಅಟ್ಟೆಯೊಂದನ್ನು ಅರದಿಂದ ಉಜ್ಜುತ್ತಲೇ ಕೇಳಿದಳು.

"ಬೆಸ್ಟ್ ಶೂ, ಶೂ ಆನ್‌ಲೈನ್, ಆಫರ್ ಶೂ... ತಿಂಗಳಿಗೆ ಲಕ್ಷಗಟ್ಟಲೆ ಜನ ಹುಡುಕ್ತಾರೆ ಮೇಡಂ."

"ಆ ಲಕ್ಷ ಜನಕ್ಕೆ ಎರಡೂ ಕಾಲು ಸಮ ಇರುತ್ತೆ. ಇಲ್ಲಿಗೆ ಬಂದು ಏನು ಮಾಡ್ತಾರೆ? ಒಂದು ಕಾಲು ಗಿಡ್ಡ ಶೂ ಅಂತ ಹಾಕಿ ನೋಡಿ, ನಿಮ್ಮ ಟೂಲ್ ಏನು ಹೇಳುತ್ತೆ."

ಏಜೆಂಟ್ ಟೈಪ್ ಮಾಡಿದ. ನಕ್ಕ. "ಸೊನ್ನೆ. ನೋಡಿ, ಇದನ್ನ ಯಾರೂ ಹುಡುಕಲ್ಲ."

ಅವಳು ಬೆರಳಿಗಂಟಿದ್ದ ಅಂಟನ್ನು ಒರೆಸಿಕೊಂಡು ಫೋನ್ ತೆಗೆದಳು. ಕೆಲಸವಿಲ್ಲದ ಮೂರು ವಾರದ ಮಧ್ಯಾಹ್ನಗಳಲ್ಲಿ ಅವಳು ಸುಮ್ಮನೆ ಕೂತಿರಲಿಲ್ಲ. ಸಿಕ್ಕ ಟೂಲುಗಳನ್ನೆಲ್ಲ ಒಂದೊಂದಾಗಿ ಪರೀಕ್ಷೆ ಮಾಡಿದ್ದಳು. ಕೊನೆಗೆ ಕೈಹಿಡಿದದ್ದು ಹುಡುಕಾಟದ ಕಂಪನಿಯೇ ಪುಕ್ಕಟೆ ಕೊಡುವ ಒಂದು ವರದಿ. ಯಾರು ಏನೆಂದು ಬರೆದು ತಮ್ಮ ವೆಬ್‌ಸೈಟಿಗೆ ಬಂದರು ಎಂಬುದು ಅದರಲ್ಲಿತ್ತು. ಅವಳು ಗಟ್ಟಿಯಾಗಿ ಓದಿದಳು: "'ಒಂದು ಕಾಲು ಗಿಡ್ಡ ಇದ್ದರೆ ಶೂ ಎಲ್ಲಿ ಸಿಗುತ್ತೆ.' 'ಆಪರೇಷನ್ ಆದ ಮೇಲೆ ಕಾಲು ಚಿಕ್ಕದಾಗಿದೆ.' 'ಮಗಳಿಗೆ ಶಾಲೆ ಶೂ ಒಂದು ಎತ್ತರ ಬೇಕು.' ಹೋದ ತಿಂಗಳು ನಲವತ್ತೊಂದು ಜನ. ನೀವು ಹೇಳಿದ ಈ ಸೊನ್ನೆ ಮೊನ್ನೆ ಮಂಗಳವಾರ ಬಂದು ಆ ಸ್ಟೂಲಿನ ಮೇಲೆ ಕೂತಿತ್ತು. ಎಡಗಾಲು ಒಂದೂವರೆ ಇಂಚು ಕಮ್ಮಿ ಅದಕ್ಕೆ."

"ಅಂಥ ನಾಲ್ಕು ಜನರನ್ನ ನಂಬ್ಕೊಂಡು ವ್ಯಾಪಾರ ನಡೆಯುತ್ತಾ ಮೇಡಂ?"

"ಆ ನಾಲ್ಕು ಜನರನ್ನ ನಂಬ್ಕೊಂಡೇ ನಮ್ಮಪ್ಪ ನಮ್ಮಿಬ್ಬರನ್ನೂ ಸಾಕಿದ್ದು."

"ಊರಿಗೆಲ್ಲ ಒಂದು ದಾರಿ ಆದ್ರೆ ನಿನಗೇ ಒಂದು ದಾರಿ," ಅಣ್ಣ ಗದರಿದ. "ಅವರು ಕಲಿತವರು. ನೀನು ಸ್ವಲ್ಪ ಸುಮ್ನಿರು."

"ಅಣ್ಣಾ, ಇವರ ಟೂಲು ಹತ್ತು ಸಾವಿರ ಪುಟ ಇರೋ ವೆಬ್‌ಸೈಟಿಗೆ ಮಾಡಿದ್ದು. ನಮ್ಮದಿರೋದು ಒಂಬತ್ತು ಪುಟ. ಇಲಿ ಹಿಡಿಯೋಕೆ ಬೆಟ್ಟ ಅಗೀಬೇಕಾ?" ಅವಳು ಅಣ್ಣನ ಮುಂದಿದ್ದ ಕಾಗದವನ್ನು ಎಳೆದು, ಮಡಚಿ, ಲ್ಯಾಪ್‌ಟಾಪಿನ ಮೇಲಿಟ್ಟಳು. "ಅಂಗಡಿ ಇಬ್ಬರ ಹೆಸರಲ್ಲಿದೆ. ಸಹಿ ಎರಡು ಬೇಕು. ನನ್ನದು ಸಿಗಲ್ಲ."

ಏಜೆಂಟ್ ಮುಖ ಗಂಟು ಹಾಕಿಕೊಂಡು ಎದ್ದ. "ಆರು ತಿಂಗಳಾದ್ಮೇಲೆ ನೀವೇ ಫೋನ್ ಮಾಡ್ತೀರಿ."

"ಮಾಡಲ್ಲ. ಆದ್ರೆ ನೀವು ಬನ್ನಿ. ನಿಮ್ಮ ಬಲಗಾಲಿನ ಶೂ ಹಿಮ್ಮಡಿ ಒಂದೇ ಕಡೆ ಸವೆದಿದೆ. ಸೊಂಟ ನೋಯುತ್ತಿರಬೇಕಲ್ಲ?"

ಅವನು ಲ್ಯಾಪ್‌ಟಾಪನ್ನು ಚೀಲಕ್ಕೆ ತುರುಕಿಕೊಂಡು ಹೊರಟ. ಹೊಸ್ತಿಲು ದಾಟುವಾಗ ಒಮ್ಮೆ ಬಗ್ಗಿ ತನ್ನ ಹಿಮ್ಮಡಿ ನೋಡಿಕೊಂಡ.

ಅಣ್ಣ ನಾಲ್ಕು ದಿನ ಮಾತು ಬಿಟ್ಟ. ಅಷ್ಟರಲ್ಲಿ ತಂಗಿ, ಸಣ್ಣ ವೆಬ್‌ಸೈಟುಗಳಿಗೆ ಪುಕ್ಕಟೆ ಸಿಗುವ ಇನ್ನೊಂದು ಟೂಲಿಗೆ ಆ ಒಂಬತ್ತೂ ಪುಟ ತೋರಿಸಿದಳು. ಫೋಟೊಗಳ ಭಾರಕ್ಕೆ ಪುಟ ತೆರೆಯಲು ತುಂಬ ಹೊತ್ತು ಹಿಡಿಯುತ್ತದೆಂದೂ, ವಿಳಾಸದ ಪುಟ ಕೆಟ್ಟು ನಿಂತಿದೆಯೆಂದೂ ಅದು ಹೇಳಿತು. ಎರಡನ್ನೂ ಸರಿಮಾಡಿದಳು. ಆಮೇಲೆ, ತಮ್ಮ ವೆಬ್‌ಸೈಟಿನ ಮೊದಲ ಪುಟದಲ್ಲಿದ್ದ 'ವಿಶೇಷ ಪಾದರಕ್ಷಾ ಪರಿಹಾರಗಳು' ಎಂಬುದನ್ನು ಅಳಿಸಿ, 'ಒಂದು ಕಾಲು ಗಿಡ್ಡ ಇದೆಯೇ? ನಿಮ್ಮ ಅಳತೆಗೆ ಶೂ ಹೊಲಿಯುತ್ತೇವೆ' ಎಂದು ಬರೆದಳು. ಅದನ್ನು ಕಂಡದ್ದೇ ತಡ, ಅಣ್ಣನ ಮೌನ ಮುರಿಯಿತು.

"ಹೀಗೆ ಮುಖಕ್ಕೆ ಹೊಡೆದ ಹಾಗೆ ಬರೀತಾರೇನೇ? ಓದಿದವರು ನೊಂದ್ಕೊಳ್ಳಲ್ವಾ?"

"ಅವರೇ ಬರೆದ ಮಾತು ಅಣ್ಣಾ. ನಾನು ನಕಲು ಮಾಡಿದೆ ಅಷ್ಟೇ. ಪಾದರಕ್ಷಾ ಪರಿಹಾರ ಅಂತ ಹುಡುಕಿದವರು ಒಬ್ಬರೂ ಇಲ್ಲ."

ಎರಡು ತಿಂಗಳಲ್ಲಿ ಅಂಗಡಿಯೇನೂ ತುಂಬಿ ತುಳುಕಲಿಲ್ಲ. ಆದರೆ ವಾರಕ್ಕೆ ಮೂರು ನಾಲ್ಕು ಜನ, ಯಾವ ಡಾಕ್ಟರ ಚೀಟಿಯೂ ಇಲ್ಲದೆ, ಫೋನಿನಲ್ಲಿ ದಾರಿ ನೋಡಿಕೊಂಡು ಬರತೊಡಗಿದರು. ಒಂದು ಮಧ್ಯಾಹ್ನ, ಮೂರು ತಾಸು ಬಸ್ಸಿನಲ್ಲಿ ಕೂತು, ತಾಯಿಯೊಬ್ಬಳು ಹದಿನಾಲ್ಕು ವರ್ಷದ ಮಗಳನ್ನು ಕರೆತಂದಳು. ಹುಡುಗಿ ಹಳೆಯ ಶೂ ಕಳಚಿ ಕಾಲು ಮುಂದಿಟ್ಟಳು. ಅಣ್ಣನೇ ನೆಲದಲ್ಲಿ ಕೂತು ಅಳತೆ ತೆಗೆದ. ಅವಳ ಮುಖ ನೋಡಿ ಅವನ ಮನಸ್ಸು ಕರಗಿತು.

"ಹೆದರಬೇಡ ಮಗಳೇ. ಎತ್ತರವನ್ನೆಲ್ಲ ಒಳಗಡೇನೇ ಅಡಗಿಸಿ, ಮೇಲೆ ಕಪ್ಪು ಚರ್ಮ ಹೊಲೀತೀನಿ. ಪಕ್ಕದಲ್ಲಿ ನಿಂತವರಿಗೂ ಗೊತ್ತಾಗಲ್ಲ."

ಹುಡುಗಿ ಗೋಡೆಗೆ ನೇತುಹಾಕಿದ್ದ ಚರ್ಮದ ತುಂಡುಗಳನ್ನು ಒಂದೊಂದಾಗಿ ನೋಡಿದಳು. ಒಂದರ ಮೇಲೆ ಬೆರಳಿಟ್ಟಳು.

"ಬೇಡ ಮಾಮಾ. ದಪ್ಪ ಅಟ್ಟೆ ಹೊರಗೇ ಇರ್ಲಿ. ಅದಕ್ಕೆ ಈ ಕೆಂಪು ಹಾಕಿ."