ಕೂಗದೆ ಬೀಸಿದ ಗಾಳ

ಅವತ್ತು ಗಾಳ ಬೀಸುವ ಮುಂಚೆ ನಾನು ಕೂಗಲಿಲ್ಲ. ಸಕಲೇಶಪುರದ ಹೊಳೆಕಟ್ಟೆಯಲ್ಲಿ ಭಾನುವಾರ ಮಕ್ಕಳುಮರಿ ಓಡಾಡುತ್ತಿದ್ದರು. ಅದಕ್ಕೇ ಮೀನು ಹಿಡಿಯುವವರೆಲ್ಲ ಕೋಲು ಎತ್ತುವಾಗ "ಗಾಳಾ!" ಎಂದು ಕೂಗಬೇಕಿತ್ತು. ಕೂಗಿದರೆ ಮೀನು ಓಡಿಹೋಗುತ್ತದೆಂದು ನಾನು ಸುಮ್ಮನೆ ಬೀಸಿದೆ.

ದಾರ ಹಿಂದೆಯೇ ಬಿಗಿಯಿತು. ತಿರುಗಿದರೆ ನನ್ನ ಏಳು ವರ್ಷದ ತಂಗಿ ಸುಧಾ. ಕೊಕ್ಕೆ ಅವಳ ಕೆಳತುಟಿಗೆ ಹೊಕ್ಕಿತ್ತು. ಅವಳು ಅಳಲಿಲ್ಲ. ಕೋಲು ಕೆಳಗಿಡಬೇಕೆಂದೂ ನನಗೆ ತೋಚಲಿಲ್ಲ.

ಅಪ್ಪ ಓಡಿಬಂದು ದಾರ ಕತ್ತರಿಸಿದರು. "ಕೂಗಿದ್ಯೇನೋ?"

"ಕೂಗ್ದೆ ಕಣಪ್ಪ. ಅವ್ಳೇ ಕೇಳಿಸ್ಕಳ್ಲಿಲ್ಲ."

ಸುಧಾ ನನ್ನನ್ನೇ ನೋಡಿದಳು. ಬಾಯಿ ಆಡಿಸುವಂತಿರಲಿಲ್ಲ.

"ಕಿವಿ ಎಲ್ಲಿಟ್ಟಿದ್ದೆ ಮಾರಾಯ್ತಿ? ಇನ್ಮೇಲೆ ಹೊಳೆ ಕಡೆ ಬರೋದೇ ಬ್ಯಾಡ ನೀನು," ಎನ್ನುತ್ತ ಅಪ್ಪ ಅವಳನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದರು.

ನನಗಿಂತ ಚೆನ್ನಾಗಿ ಮೀನು ಹಿಡಿಯುತ್ತಿದ್ದವಳು ಅವಳು. ಆಮೇಲೆ ಪ್ರತಿ ಭಾನುವಾರ ನಮಗೆ ಎರೆಹುಳು ಅಗೆದುಕೊಟ್ಟು ಮನೆಯಲ್ಲೇ ಉಳಿದಳು. ನನ್ನ ಸುಳ್ಳನ್ನು ಯಾರಿಗೂ ಹೇಳಲಿಲ್ಲ.

ಈಗಲೂ ಎರೆಹುಳುವಿನ ಡಬ್ಬಿಯ ಹಸಿಮಣ್ಣಿನ ವಾಸನೆ ಮೂಗಿಗೆ ಬಡಿದರೆ ಮುಚ್ಚಳ ಹಾಕಿ ದೂರ ಇಡುತ್ತೇನೆ.

ಇಷ್ಟು ವರ್ಷಗಳಾದ ಮೇಲೆ, ಮೊನ್ನೆ ಸುಧಾ ನಮ್ಮ ಮನೆಗೆ ಊಟಕ್ಕೆ ಬಂದಿದ್ದಳು. ಮೀನು ಸಾರು ಬಡಿಸುವಾಗ ಅವಳ ಕೆಳತುಟಿಯ ಬಿಳಿ ಗೆರೆ ಕಂಡಿತು. ಮೂಲೆಯಲ್ಲಿ ಕೂತಿದ್ದ ಅಪ್ಪನಿಗೂ ಕೇಳಲೆಂದು ಜೋರಾಗಿ ಹೇಳಿದೆ:

"ಸುಧಾ, ಅವತ್ತು ನಾನು ಕೂಗ್ಲೇ ಇಲ್ಲ ಕಣೇ. ತಪ್ಪಾಯ್ತು."