ಎರಡನೇ ಸಾಲಿನ ಅಭಿಮಾನಿಗಳು

"ಒನ್ಸ್ ಮೋರ್!"

ಎರಡನೇ ಸಾಲಿನಿಂದ ಕೂಗು ಬಂದಾಗ ಪರದೆಯ ಸಂದಿಯಲ್ಲಿ ನಿಂತಿದ್ದ ಸಂಕರ್ಷಣರ ಕಣ್ಣು ತುಂಬಿತು. ತಾವೇ ಬರೆದು, ರಾಗ ಹಾಕಿ, ಆಡಿಸುತ್ತಿದ್ದ ಸಂಗೀತ ನಾಟಕ. ಆ ಸಾಲು ಬಿಟ್ಟರೆ ಮಲ್ಲೇಶ್ವರದ ಸಭಾಂಗಣ ಒಕ್ಕಣೆ ಮುಗಿದ ಕಣದಂತೆ ಬಿಕೋ ಎನ್ನುತ್ತಿತ್ತು. ಪತ್ರಿಕೆಯವರು 'ದಿಟ್ಟ ಪ್ರಯತ್ನ' ಎಂದು ಬರೆದಿದ್ದರು. ಅಂದರೆ, ಯಾರೂ ಹೋಗಬೇಡಿ ಎಂದು.

ಎರಡನೇ ಸಾಲಿನವರು ಮಾತ್ರ ಒಂದು ಪ್ರದರ್ಶನವನ್ನೂ ತಪ್ಪಿಸಿರಲಿಲ್ಲ. ಮೊದಲ ದಿನವೇ ಪ್ರತಿ ಹಾಡಿಗೂ ತುಟಿ ಆಡಿಸಿದ್ದರು. ಮಣ್ಣಿನಿಂದ ಎದ್ದ ರಾಗ ಕೇಳುವ ಮೊದಲೇ ಬಾಯಿಗೆ ಬರುತ್ತದೆ ಎಂದು ಸಂಕರ್ಷಣ ಕಂಡಕಂಡವರಿಗೆಲ್ಲ ಹೇಳಿದರು. ಗವಿಪುರದ ಬಾಡಿಗೆ ಮಹಡಿಯಲ್ಲಿ ವರ್ಷವಿಡೀ ತಾಲೀಮು ನಡೆಸಿದಾಗಲೂ ಅಷ್ಟೆ. ಕೆಳಮನೆಯಿಂದ ಯಾರೋ ಕೋಲು ಕುಟ್ಟಿ ತಾಳ ಹಾಕುತ್ತಿದ್ದರಂತೆ. ಕಲೆಗೆ ಗೋಡೆಯೆಲ್ಲಿ?

ಇಂದು ಕೊನೆಯ ಪ್ರದರ್ಶನ. ಅದೂ ಮುಗಿದು ಪರದೆ ಬಿತ್ತು.

"ಮಂಗಳ ಹಾಡ್ಬಿಡೋಣ ಸಾರ್," ಎಂದ ಹಾರ್ಮೋನಿಯಂ ವೇಣುಗೋಪಾಲ್. "ಊರೂರು ತಿರುಗ್ಸೋದಕ್ಕೆ ಇದೇನು ಉತ್ಸವಮೂರ್ತೀನಾ?"

ಅಷ್ಟರಲ್ಲಿ ಎರಡನೇ ಸಾಲೇ ಒಳಗೆ ನುಗ್ಗಿತು. ಮುಂದೆ ಭಾಗೀರಥಮ್ಮ, ನಿವೃತ್ತ ಟೀಚರು.

"ನಿಲ್ಲಿಸ್ತೀರಂತೆ? ಆಮೇಲೇನ್ಮಾಡ್ತೀರಿ?"

"ಇನ್ನೇನಮ್ಮಾ, ಹೊಸ ನಾಟಕ. ತಾಲೀಮು ಶುರು."

ಭಾಗೀರಥಮ್ಮ ಕುರ್ಚಿ ಹಿಡಿದುಕೊಂಡರು. "ಖಂಡಿತಾ ಬೇಡ! ಇದನ್ನೇ ಆಡ್ಸಿ. ಮೈಸೂರು, ಧಾರವಾಡ, ಬೀದರ್... ಎಷ್ಟು ದೂರ ಆದ್ರೆ ಅಷ್ಟು ಒಳ್ಳೇದು."

"ವ್ಯಾನು ನಾವೇ ಮಾಡ್ಕೊಡ್ತೀವಿ," ಎಂದರು ಹಿಂದಿದ್ದ ಸೊಣ್ಣಪ್ಪ. "ಇವತ್ತೇ ಹೊರಡಿ ಬೇಕಾದ್ರೆ."

"ನೋಡಿದ್ಯೇನೋ ವೇಣು, ಅಭಿಮಾನ ಅಂದ್ರೆ!" ಸಂಕರ್ಷಣ ಕೈ ಮುಗಿದರು. "ಆಯ್ತಮ್ಮಾ, ತಿರುಗಾಟಕ್ಕೆ ಹೊರಟೇಬಿಡ್ತೀವಿ. ನಿಮ್ಮ ಪ್ರೀತಿಗೋಸ್ಕರ ಇನ್ನೂ ಹತ್ತು ಹಾಡು ಸೇರಿಸ್ತೀನಿ. ಸಾಲದ್ದಕ್ಕೆ ಡೊಳ್ಳೂ ಇರ್ಲಿ. ನಾಳೆ ಕೋಳಿ ಕೂಗೋ ಹೊತ್ತಿಗೇ ತಾಲೀಮು, ಗವಿಪುರದ ಮಹಡೀಲಿ."

ಎರಡನೇ ಸಾಲಿನವರಲ್ಲಿ ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ಸೊಣ್ಣಪ್ಪ ಗೋಡೆಗೆ ಒರಗಿದರು. ಭಾಗೀರಥಮ್ಮ ಪರ್ಸಿನಿಂದ ಎರಡು ಹತ್ತಿಯುಂಡೆ ತೆಗೆದು, ಒಂದನ್ನು ಕಿವಿಗಿಟ್ಟುಕೊಂಡರು.

"ನಾಟಕ ನಡೀತಿದ್ರೆ ತಾಲೀಮು ಇರಲ್ಲ ಅಂತ್ಲೇ ನಮ್ಮ ಬೀದಿಯವರೆಲ್ಲ ಬಂದು ಕೂತಿದ್ದು," ಎಂದರು, ಎರಡನೆಯದನ್ನು ಒತ್ತುತ್ತ. "ಆ ಕೋಲು ಕುಟ್ತಿದ್ದೋಳು ನಾನೇ ಕಣಪ್ಪಾ."