ಅವ್ವನ ಆಶೀರ್ವಾದ

ಊರಿನ ಮೈದಾನದಲ್ಲಿ ಇಪ್ಪತ್ತೆರಡು ವರ್ಷ ಬೌಲಿಂಗ್ ಮಾಡಿಯೂ ಒಂದೇ ಒಂದು ಸಿಕ್ಸರನ್ನೂ ಹೊಡೆಸಿಕೊಳ್ಳದ ಮಹಾನುಭಾವನಿಗೆ ಸನ್ಮಾನ. ಪೇಟ ಸುತ್ತಿ, ಹಾರ ಹಾಕಿ, ಕೈಗೆ ಮೈಕು ಕೊಟ್ಟರು.

"ಗುಟ್ಟೇನು ಸಾರ್? ಯಾರ್ಕರಾ, ಸ್ವಿಂಗಾ?" ಎಂದ ಪತ್ರಕರ್ತ.

"ಎಲ್ಲಾ ನಮ್ಮವ್ವನ ಆಶೀರ್ವಾದ," ಎಂದು ಬೌಲರ್ ಕಣ್ಣೊರೆಸಿಕೊಂಡ. ಮುಂದಿನ ಸಾಲಿನಲ್ಲಿ ಕೂತಿದ್ದ ಮುದುಕಿ ಗತ್ತಿನಿಂದ ತಲೆಯಾಡಿಸಿದಳು.

ಪತ್ರಕರ್ತನಿಗೆ ಮೈಯೆಲ್ಲ ಉರಿಯಿತು. ಈ ಸವಕಲು ಮಾತು ಕೇಳಲು ಎರಡು ಬಸ್ಸು ಬದಲಾಯಿಸಿ ಬರಬೇಕಿತ್ತೇ? ಪಕ್ಕದಲ್ಲಿದ್ದ ಹಳೇ ಬ್ಯಾಟ್ಸ್‌ಮನ್ ಕಡೆ ತಿರುಗಿದ.

"ಇಷ್ಟು ವರ್ಷದಲ್ಲಿ ನಿಮಗ್ಯಾರಿಗೂ ಒಂದು ಸಿಕ್ಸರ್ ಹೊಡೆಯೋ ತಾಕತ್ತಿರ್ಲಿಲ್ವಾ?"

"ನಮ್ಮಲ್ಲೊಂದು ರೂಲ್ಸು ಸಾರ್. ಹೊಡೆದೋನೇ ಹೋಗಿ ಬಾಲ್ ತರ್ಬೇಕು."

"ತಂದ್ರಾಯ್ತಪ್ಪ, ಅದಕ್ಕೇನು?"

"ಇವ್ನು ಒಂದಿನಾನೂ ಆ ಕಡೆ ಎಂಡ್ ಬಿಟ್ಟು ಬೇರೆ ಕಡೆಯಿಂದ ಬೌಲಿಂಗ್ ಮಾಡ್ಲಿಲ್ಲ. ಬೆನ್ನ ಹಿಂದೇನೇ ಅವ್ರ ಮನೆ ಹಿತ್ಲು. ಎತ್ತಿ ಹೊಡೆದ್ರೆ ಬಾಲ್ ಸೀದಾ ಅಲ್ಲಿಗೇ ಬೀಳೋದು."

"ಅಂದ್ರೆ?"

ಬ್ಯಾಟ್ಸ್‌ಮನ್ ಮುದುಕಿಯನ್ನೊಮ್ಮೆ ಕದ್ದು ನೋಡಿ ದನಿ ತಗ್ಗಿಸಿದ.

"ಪ್ರಾಕ್ಟೀಸ್ನಲ್ಲಿ ಒಂದೇ ಒಂದ್ಸಲ ಹೊಡ್ದು, ತರೋಕೆ ಹೋಗಿದ್ದೆ. ಆವಮ್ಮ ಈಳಿಗೆಮಣೆ ಮೇಲೆ ಬಾಲನ್ನ ಎರಡು ಹೋಳು ಮಾಡಿ, ಆಮೇಲೆ ನನ್ನ ಕಡೆ ತಿರುಗ್ತು."